ಹಗ್ಗ ಕಟ್ಟಿಕೊಂಡ ಎಂಟು ಚಕ್ರದ ದೋಣಿ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕಾಕ್ರನ್ ಎಂಬ ಪುಟ್ಟ ಊರಿದೆ. ಟೊರಾಂಟೊದಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್. ಊರಿಗೆ ಬಂದವರನ್ನು ಹಿಮಕರಡಿಯ ದೊಡ್ಡ ಪ್ರತಿಮೆ ಸ್ವಾಗತಿಸುತ್ತದೆ, ಅದಕ್ಕೆ ಚಿಮೊ ಎಂದು ಹೆಸರು. ಕಾಡಿನ ಹಿಮಕರಡಿಯನ್ನೇ ನೋಡಬೇಕೆಂದರೆ ಮಾತ್ರ ಇನ್ನೂ ಬಹಳ ಉತ್ತರಕ್ಕೆ, ಹಡ್ಸನ್ ಕೊಲ್ಲಿಯ ಕಡೆಗೆ ಹೋಗಬೇಕು. ಕಾಕ್ರನ್‌ನಿಂದ ಮುಂದಿನ ಮೂಸನಿ ಊರಿಗೆ ವರ್ಷವಿಡೀ ಓಡಾಡುವ ರಸ್ತೆಯಿಲ್ಲ. 1932ರಲ್ಲಿ ಅಲ್ಲಿಗೆ ಮುಟ್ಟಿದ ರೈಲು ಹಳಿಯೇ ಗತಿ. ‘ಪೋಲಾರ್ ಬೇರ್ ಎಕ್ಸ್‌ಪ್ರೆಸ್’ ಎಂಬ ರೈಲು ಸುಮಾರು 300 ಕಿಲೋಮೀಟರ್ ದೂರವನ್ನು ಐದು ಗಂಟೆಯಲ್ಲಿ ಕ್ರಮಿಸುತ್ತದೆ. ಹೆಸರಿಗೆ ಎಕ್ಸ್‌ಪ್ರೆಸ್, ಆದರೆ ದಾರಿಯಲ್ಲಿ ಯಾರಾದರೂ ಕೈ ಮಾಡಿದರೆ ನಮ್ಮೂರಿನ ಬಸ್ಸಿನ ಹಾಗೆ ನಿಲ್ಲುತ್ತದೆ!

ರಸ್ತೆ ಏಕಿಲ್ಲ ಎಂದರೆ ನೆಲವೇ ಇಲ್ಲ. ಇರುವುದೆಲ್ಲ ‘ಮಸ್ಕೆಗ್’. ಇದು ಈ ಸೀಮೆಯ ಮೂಲನಿವಾಸಿಗಳಾದ ಕ್ರೀ ಜನರ ಭಾಷೆಯಿಂದ ಬಂದ ಮಾತು. ಸಾವಿರಾರು ವರ್ಷ ಪಾಚಿ ಬೆಳೆದು, ಸತ್ತು, ತಣ್ಣನೆಯ ನೀರಿನಲ್ಲಿ ಕೊಳೆಯಲಾರದೆ ಒಂದರ ಮೇಲೊಂದು ಕೂತು ಆದ ಜೌಗು. ಮೇಲೆ ನೋಡಿದರೆ ಹಸಿರು ಜಮಖಾನ, ಕಾಲಿಟ್ಟರೆ ಹಾಸಿಗೆಯ ಹಾಗೆ ಕುಣಿಯುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಮೊಣಕಾಲು ಮಾಯ.

ಆಗಸ್ಟ್ ತಿಂಗಳ ಕೊನೆಯಲ್ಲಿ ನಾವು ಅಲ್ಲಿಗೆ ಹೋಗಿದ್ದು ನನ್ನ ಸಹೋದ್ಯೋಗಿಯೊಬ್ಬರ ತಂದೆ ತಾಯಿಯ ಮನೆಗೆ. ನನ್ನ ಹತ್ತು ವರ್ಷದ ಮಗಳು ಮೊದಲ ದಿನವೇ ಅವರನ್ನು ‘ಅಜ್ಜ, ಅಜ್ಜಿ’ ಎಂದು ಕರೆದಳು. ಅರ್ಥ ಕೇಳಿಕೊಂಡು ಇಬ್ಬರೂ ಖುಷಿಪಟ್ಟರು. ಆಮೇಲೆ ನಮಗೂ ಅವರು ಅಜ್ಜ, ಅಜ್ಜಿಯೇ.

ಅಜ್ಜನಿಗೆ ಎಪ್ಪತ್ತೊಂದು ವರ್ಷ. ಮರ ಸಾಗಿಸುವ ಮಣ್ಣುದಾರಿ ಮುಗಿದ ಮೇಲೆ, ಜೌಗಿನಲ್ಲಿ 14 ಕಿಲೋಮೀಟರ್ ಆಚೆ ಅವರದೊಂದು ಮರದ ಗುಡಿಸಲಿದೆ. ಅಲ್ಲಿಗೆ ಹೋಗಲು ಅವರ ಹತ್ತಿರ ಇರುವುದು ಎಂಟು ಚಕ್ರದ ‘ಆರ್ಗೊ’. ಇದೇ ಪ್ರಾಂತ್ಯದ ನ್ಯೂ ಹ್ಯಾಂಬರ್ಗ್ ಎಂಬ ಊರಿನಲ್ಲಿ 1967ರಿಂದ ತಯಾರಾಗುತ್ತಿರುವ ಗಾಡಿ. ಗಾಡಿ ಎನ್ನಬೇಕೋ ದೋಣಿ ಎನ್ನಬೇಕೋ! ಸ್ನಾನದ ತೊಟ್ಟಿಯಂಥ ಪ್ಲಾಸ್ಟಿಕ್ ಒಡಲು, ಎರಡೂ ಪಕ್ಕ ನಾಲ್ಕು ನಾಲ್ಕು ಉಬ್ಬಿದ ಟಯರು. ಟಯರಿಗೆ ಗಾಳಿ ತೀರಾ ಕಡಿಮೆ, ಆದ್ದರಿಂದ ಭಾರ ಅಗಲಕ್ಕೆ ಹಂಚಿಹೋಗಿ ಜೌಗಿನ ಮೇಲೆ ತೇಲಿದಂತೆ ಓಡುತ್ತದೆ. ತಿರುಗಿಸಬೇಕಾದರೆ ಒಂದು ಪಕ್ಕದ ಚಕ್ರಗಳನ್ನು ತಡೆಯಬೇಕು, ಎತ್ತಿನ ಗಾಡಿಯಲ್ಲಿ ಒಂದು ಎತ್ತನ್ನು ಹಿಡಿದು ತಿರುಗಿಸಿದ ಹಾಗೆ. ನೀರಿಗಿಳಿದರೆ ಟಯರಿನ ಹಲ್ಲುಗಳೇ ಹುಟ್ಟು. ಆಗ ವೇಗ ಮಾತ್ರ ನಾವು ನಡೆದಷ್ಟೇ.

ಇಂಥ ಗಾಡಿಯೂ ಹೂತುಕೊಳ್ಳುತ್ತದೆ. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಬೀವರ್ ಎಂಬ ಪ್ರಾಣಿ ಕಟ್ಟಿದ ಒಡ್ಡಿನ ಬಳಿ ಅಜ್ಜನ ಗಾಡಿ ಹೊಟ್ಟೆಯವರೆಗೆ ಇಳಿಯಿತು. ಒಬ್ಬರೇ ಇದ್ದರು, ಫೋನಿಗೆ ಸಿಗ್ನಲ್ ಇಲ್ಲ. ಒದ್ದೆ ಬಟ್ಟೆಯಲ್ಲಿ ಒಂಬತ್ತು ಕಿಲೋಮೀಟರ್ ನಡೆದು, ಕತ್ತಲಾದ ಎಷ್ಟೋ ಹೊತ್ತಿಗೆ ಮಣ್ಣುದಾರಿ ಸೇರಿದರಂತೆ. ಆ ರಾತ್ರಿ ಹಿಮ ಬೀಳಲಿಲ್ಲ, ಅದೇ ಪುಣ್ಯ. “ವಿಂಚ್ ಹಾಕಿಸದೆ ಈ ಗಾಡಿ ಗ್ಯಾರೇಜು ದಾಟಕೂಡದು” ಎಂದು ಅಜ್ಜಿ ಅಂದೇ ಹೇಳಿಬಿಟ್ಟಿದ್ದರು. ಕೀಲಿ ಅವರ ಹತ್ತಿರವೇ ಇತ್ತು.

ವಿಂಚ್ ಎಂದರೆ ಬ್ಯಾಟರಿಯಿಂದ ತಿರುಗುವ, ಹಗ್ಗ ಸುತ್ತಿದ ಉರುಳೆ. ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿ ಗುಂಡಿ ಒತ್ತಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಅಜ್ಜ ತಂದದ್ದು 2,500 ಪೌಂಡ್, ಅಂದರೆ ಸುಮಾರು 1,130 ಕಿಲೋ ಎಳೆಯುವಂಥದ್ದು. ಗಾಡಿಯ ತೂಕ ಅದರ ಅರ್ಧದ ಆಸುಪಾಸು. ಅಷ್ಟು ಹೆಚ್ಚು ಏಕೆ? ಗದ್ದೆಯ ಕೆಸರಿನಿಂದ ಕಾಲು ಕಿತ್ತವರಿಗೆ ಗೊತ್ತು, ಕೆಸರು ಹಿಡಿದುಕೊಳ್ಳುತ್ತದೆ!

ಕೊಂಡು ತಂದರೆ ಆಗಲಿಲ್ಲ, ಕೂರಿಸುವುದೇ ಕಷ್ಟ. ಪ್ಲಾಸ್ಟಿಕ್ಕಿಗೆ ಬೋಲ್ಟ್ ಹಾಕಿ ಎಳೆದರೆ ವಿಂಚಿನ ಜೊತೆ ಗಾಡಿಯ ಮೂತಿಯೇ ಕಿತ್ತು ಬರುತ್ತದೆ. ಎಳೆತವೆಲ್ಲ ಒಳಗಿನ ಉಕ್ಕಿನ ಚೌಕಟ್ಟಿಗೆ ಹೋಗಬೇಕು. ಚೌಕಟ್ಟು ಮುಟ್ಟಲು ಒಡಲಿಗೆ ತೂತು ಕೊರೆಯಲೇಬೇಕು. ದೋಣಿಗೆ ತೂತು! ಅಜ್ಜ ಮೊದಲು ಗಾಡಿಯನ್ನು ಸಾಮಾನಿನ ಸಮೇತ ಕೆರೆಗಿಳಿಸಿ, ನೀರು ಎಲ್ಲಿಯವರೆಗೆ ಬರುತ್ತದೆಂದು ಸೀಮೆಸುಣ್ಣದ ಗೆರೆ ಹಾಕಿಕೊಂಡಿದ್ದರು. ತೂತುಗಳೆಲ್ಲ ಆ ಗೆರೆಗಿಂತ ಒಂದು ಗೇಣು ಮೇಲೆ.

ಅವರ ಲೆಕ್ಕದಲ್ಲಿ ವಿಂಚ್ ಮುಂದುಗಡೆಗೆ ಮಾತ್ರ. ಅಜ್ಜಿ ಒಪ್ಪಲಿಲ್ಲ. “ಬಂದ ದಾರಿ ಗಾಡಿಯನ್ನು ಹೊತ್ತಿತ್ತು, ಮುಂದಿನದು ಹೊರುತ್ತದೋ ಇಲ್ಲವೋ. ಸಿಕ್ಕಿಕೊಂಡವನು ಹಿಂದಕ್ಕೆ ಬರಬೇಕಲ್ಲವೇ?” ಎಂದರು. ಅಜ್ಜ ಗಡ್ಡ ಕೆರೆದುಕೊಂಡರು. ಕೊನೆಗೆ ಮುಂದೆ ಒಂದು, ಹಿಂದೆ ಒಂದು ಚೌಕ ಕೊಳವೆಯನ್ನು ಚೌಕಟ್ಟಿಗೆ ಬಿಗಿದು, ವಿಂಚನ್ನು ಬೇಕಾದ ಕಡೆ ತೂರಿಸಿ ಪಿನ್ನು ಹಾಕುವಂತೆ ಮಾಡಿದರು. ಇನ್ನೊಂದು ಲಾಭವೂ ಆಯಿತು: ದೊಡ್ಡ ನೀರು ದಾಟುವಾಗ ಅದನ್ನು ಬಿಚ್ಚಿ ಒಳಗಿಟ್ಟರೆ ಮೂತಿ ಭಾರವಾಗುವುದಿಲ್ಲ. ನನ್ನ ಪ್ರಕಾರ ಆ ಗ್ಯಾರೇಜಿನ ಎಂಜಿನಿಯರ್ ಅಜ್ಜಿಯೇ.

ಪ್ಲಾಸ್ಟಿಕ್ ನಜ್ಜದಂತೆ ಪ್ರತಿ ತೂತಿಗೂ ಒಂದು ಲೋಹದ ಕೊಳವೆ ತುಂಡು, ಸುತ್ತ ದೋಣಿಗೆ ಬಳಿಯುವ ಅಂಟು. ಅದು ಒಣಗಲು ಒಂದು ದಿನ ಪೂರ್ತಿ ಕಾಯಬೇಕಾಯಿತು. ಮರುದಿನ ನನ್ನ ಮಗಳಿಗೊಂದು ಕೆಲಸ ಸಿಕ್ಕಿತು. ಗಾಡಿ ಕೆರೆಯಲ್ಲಿ ಅರ್ಧ ಗಂಟೆ ತೇಲುತ್ತಿರುವಾಗ ಬೋಲ್ಟುಗಳ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ನೋಡಬೇಕು. ಹಾಳೆ ಒಣಗಿಯೇ ಇತ್ತು. ನಡುವೆ ಎರಡು ಸಲ, ತಳದ ನೀರು ಬಿಡುವ ಬಿರಡೆ ಹಾಕಿದ್ದೀರಾ ಎಂದು ಅಜ್ಜಿ ಕೂಗಿ ಕೇಳಿದರು.

ಆಮೇಲೆ ನಿಜವಾದ ಪರೀಕ್ಷೆ. ಮನೆಯಿಂದ ಸ್ವಲ್ಪ ದೂರದ ಜೌಗಿಗೆ ಅಜ್ಜ ಬೇಕೆಂದೇ ಗಾಡಿ ನುಗ್ಗಿಸಿದರು. ಎಂಟು ಚಕ್ರವೂ ಕಪ್ಪು ಕೆಸರು ಎರಚಿ ನಿಂತವು. ವಿಂಚನ್ನು ಹಿಂದಿನ ಕೊಳವೆಗೆ ತೂರಿಸಿ, ಅಗಲ ಪಟ್ಟಿಯನ್ನು ಒಂದು ಸ್ಪ್ರೂಸ್ ಮರದ ಬುಡಕ್ಕೆ ಸುತ್ತಿದರು. ಬರಿ ಹಗ್ಗ ಸುತ್ತಿದರೆ ತೊಗಟೆ ಸುಲಿದು ಮರ ಸಾಯುತ್ತದೆ. ಹಗ್ಗದ ಮೇಲೆ ದಪ್ಪ ಕಂಬಳಿ ಹೊದಿಸಿದರು, ತುಂಡಾದರೂ ಚಾಟಿಯ ಹಾಗೆ ಹಾರಬಾರದೆಂದು. ನಮ್ಮನ್ನೆಲ್ಲ ಬಹಳ ದೂರ ನಿಲ್ಲಿಸಿದರು.

ಗುಂಡಿ ಒತ್ತಿದರು. ಗಾಡಿ ಅಲ್ಲಾಡಲಿಲ್ಲ, ಮರ ಬಾಗಿತು! ಜೌಗಿನ ಮರಕ್ಕೆ ಆಳದ ಬೇರಿಲ್ಲ, ಸುತ್ತಲಿನ ಪಾಚಿ ಚಾಪೆಯ ಹಾಗೆ ಮೇಲೆದ್ದಿತು. ಅಜ್ಜ ತಕ್ಷಣ ನಿಲ್ಲಿಸಿ, ಮೂರು ಮರಗಳ ಬುಡಗಳನ್ನು ಸೇರಿಸಿ ಪಟ್ಟಿ ಹಾಕಿದರು. ಅದಕ್ಕೊಂದು ರಾಟೆ ಸಿಕ್ಕಿಸಿ, ಹಗ್ಗವನ್ನು ಅದರ ಮೂಲಕ ತಂದು ಗಾಡಿಗೇ ಮರಳಿ ಕಟ್ಟಿದರು. ಬಾವಿಯ ಮೇಲಿನ ರಾಟೆ ಎಳೆತದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಇಲ್ಲಿ ಹಗ್ಗ ಎರಡು ಎಳೆಯಾಗಿ ಗಾಡಿಯನ್ನು ಎಳೆಯುವುದರಿಂದ ಬಲ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಜೊತೆಗೆ ಉರುಳೆಯ ಮೇಲೆ ಹಗ್ಗದ ಸುತ್ತು ಕಡಿಮೆಯಾದಷ್ಟೂ ವಿಂಚಿಗೆ ಶಕ್ತಿ ಹೆಚ್ಚು.

ಈ ಸಲ ಕೆಸರು ‘ಗುಳುಕ್’ ಎಂದು ಬಾಯಿಬಿಟ್ಟಿತು. ಗಾಡಿ ಒಂದೊಂದೇ ಇಂಚು ಹಿಂದಕ್ಕೆ ಸರಿಯಿತು. ಮೋಟಾರು ಬಿಸಿಯಾಗದಂತೆ ನಡುನಡುವೆ ನಿಲ್ಲಿಸುತ್ತಾ ಎಳೆದು, ಹನ್ನೆರಡು ನಿಮಿಷದಲ್ಲಿ ಎಂಟು ಚಕ್ರಗಳೂ ಗಟ್ಟಿ ನೆಲದ ಮೇಲಿದ್ದವು.

ಅಜ್ಜಿ ಕೈಗವಸು ಕೇಳಿ ಹಾಕಿಕೊಂಡರು. ಪಟ್ಟಿಯನ್ನು ತಾವೇ ಕಟ್ಟಿ, ತಾವೇ ಗುಂಡಿ ಒತ್ತಿ ಇನ್ನೊಂದು ಸಲ ಎಳೆದು ನೋಡಿದರು. ಆಮೇಲೆ ಏಪ್ರನ್ನಿನ ಜೇಬಿನಿಂದ ಕೀಲಿ ತೆಗೆದು ಅಜ್ಜನ ಅಂಗೈಗೆ ಹಾಕಿದರು. “ಗುಡಿಸಲಿಗೆ ಶನಿವಾರ ಹೋಗೋಣ,” ಎಂದರು, “ನಾನೂ ಬರುತ್ತೇನೆ.”