ಅರ್ಧ ನಕ್ಷೆ

ನಮ್ಮವರ ವರ್ಷಾಂತಿಕ ಮುಗಿದ ಮೇಲೆ ಅಟ್ಟ ಖಾಲಿ ಮಾಡಲು ಹತ್ತಿದ ಮಗ ಉದ್ದನೆಯ ಕಾಗದದ ಸುರುಳಿಯೊಂದನ್ನು ಇಳಿಸಿ, "ಅಮ್ಮಾ, ಅಪ್ಪನ ಹಡಗು. ರದ್ದಿಗೆ ಹಾಕಲೇ?" ಎಂದ.

ಆ ಹಡಗಿನ ಮೇಲೆ ನನಗೆ ಹಳೆಯ ಸಿಟ್ಟು. ಡ್ರಾಫ್ಟ್ಸ್‌ಮನ್ ಆಗಿದ್ದ ಅವರು ನಿವೃತ್ತರಾದ ಮೇಲೆ ಊಟದ ಮೇಜಿನ ಮೇಲೆಯೇ ಹಡಗು ಕಟ್ಟತೊಡಗಿದ್ದರು. ನಾನು ಶಾಲೆಯಿಂದ ಬಂದು ಮರದ ಪುಡಿ ಒರೆಸಿ ತಟ್ಟೆ ಇಡಬೇಕು. "ಊರ ಕೆರೆಯೇ ಒಣಗಿದೆ, ನಿಮಗೆ ಹಡಗು ಬೇಕೇನ್ರೀ?" ಎಂದು ಕೇಳಿದ್ದೂ ಉಂಟು. ಅವರು ನಕ್ಕು ಸುಮ್ಮನಾಗಿದ್ದರು.

ಸುರುಳಿ ಬಿಡಿಸಿದೆ. ಟರ್ಮಾಯಿಲ್. ಬ್ರಿಟನ್ನಿನ ನೌಕಾಪಡೆಗಾಗಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಿ 1944ರಲ್ಲಿ ನೀರಿಗಿಳಿಸಿದ ರಕ್ಷಣಾ ಟಗ್. ಯುದ್ಧದಲ್ಲಿ ಪೆಟ್ಟು ತಿಂದ ಹಡಗುಗಳನ್ನು ಹಗ್ಗ ಕಟ್ಟಿ ಬಂದರಿಗೆ ಎಳೆದು ತರುವುದು ಇಂಥವುಗಳ ಕೆಲಸ. ಉದ್ದ 205 ಅಡಿ. ನಕ್ಷೆಯ ಅಳತೆ ಅಡಿಗೆ ಕಾಲು ಇಂಚು. ಅಂದರೆ ಮಾದರಿ 51 ಇಂಚಿಗೂ ತುಸು ಹೆಚ್ಚು! ತಟ್ಟೆಗೆ ಜಾಗವಿಲ್ಲದ್ದು ಏಕೆಂದು ಈಗ ಲೆಕ್ಕ ಸಿಕ್ಕಿತು.

ಒಂದು ಹಾಳೆಯಲ್ಲಿ ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಗೆರೆಗಳು. ನಡುವೆ ನೆಟ್ಟಗಿನ ಗೆರೆ. ಅದರ ಬಲಕ್ಕೆ ಹಡಗಿನ ಮುಂಭಾಗವನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರಗಳು, ಎಡಕ್ಕೆ ಹಿಂಭಾಗದವು. ಎಲ್ಲವೂ ಅರ್ಧರ್ಧ. ಬಟ್ಟೆ ಮಡಿಸಿ ರವಿಕೆ ಕತ್ತರಿಸುವವರಿಗೆ ಇದನ್ನು ಹೇಳಿಕೊಡಬೇಕೆ? ಅರ್ಧ ಬರೆದರೆ ಇನ್ನರ್ಧ ತಾನಾಗಿ ಬರುತ್ತದೆ. ಮೂವತ್ತು ವರ್ಷ ಪೇಪರ್ ಕಟಿಂಗ್ ಮಾಡಿದವಳು ನಾನು. ಅವರಿದ್ದಾಗ ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಎಳೆಯುವ ಹಗ್ಗವನ್ನು ಟಗ್ಗಿನ ಹಿಂತುದಿಗೇ ಕಟ್ಟುತ್ತಾರೆಂದು ತಿಳಿದಿದ್ದೆ. ನಕ್ಷೆಯಲ್ಲಿ ಆ ಜಾಗ ನಡುಭಾಗದತ್ತ ಸರಿದಿದೆ. ತುದಿಗೆ ಕಟ್ಟಿದರೆ ಹಿಂದಿನ ಭಾರ ಅದನ್ನು ಹಿಡಿದಿಟ್ಟು, ಬೇಕಾದತ್ತ ತಿರುಗಲು ಬಿಡುವುದಿಲ್ಲ. ನಡುವೆ ಕಟ್ಟಿದರೂ ಅಪಾಯ ತಪ್ಪಿದ್ದಲ್ಲ. ಹಗ್ಗ ಪಕ್ಕಕ್ಕೆ ಜಗ್ಗಿದರೆ ಟಗ್ಗೇ ಮಗುಚಬಹುದು.

ಅಂಚಿನಲ್ಲಿ ಅವರ ಪೆನ್ಸಿಲ್ ಅಕ್ಷರ: "ಹಗ್ಗ ಹರಿದದ್ದು 9-1-1952." ಆ ಕತೆ ಹುಡುಕಿ ಓದಿದೆ. 1951ರ ಡಿಸೆಂಬರಿನ ಬಿರುಗಾಳಿಯಲ್ಲಿ ಫ್ಲೈಯಿಂಗ್ ಎಂಟರ್‌ಪ್ರೈಸ್ ಎಂಬ ಅಮೆರಿಕದ ಸರಕು ಹಡಗು ಅಟ್ಲಾಂಟಿಕ್‌ನಲ್ಲಿ ಬಿರುಕು ಬಿಟ್ಟು ವಾಲಿತು. ಉಳಿದವರನ್ನೆಲ್ಲ ಕಳಿಸಿ ಕ್ಯಾಪ್ಟನ್ ಕರ್ಟ್ ಕಾರ್ಲ್‌ಸನ್ ಒಬ್ಬರೇ ಅದರಲ್ಲಿ ಉಳಿದರು. ಹಗ್ಗ ಕಟ್ಟಿಕೊಳ್ಳುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಜನವರಿ 4ರಂದು ಟರ್ಮಾಯಿಲ್‌ನ ಕೆನೆತ್ ಡ್ಯಾನ್ಸಿ ಆ ವಾಲಿದ ಹಡಗಿಗೆ ಜಿಗಿದರು. ಇಂಗ್ಲೆಂಡಿನ ಫಾಲ್ಮತ್ ಬಂದರಿನತ್ತ ಎಳೆಯುತ್ತಿರುವಾಗ 9ರಂದು ಹಗ್ಗ ಹರಿಯಿತು. 10ರಂದು ಹಡಗು ಮುಳುಗಿತು. ಸಮುದ್ರಕ್ಕೆ ಹಾರಿದ ಇಬ್ಬರನ್ನೂ ಟರ್ಮಾಯಿಲ್ ಎತ್ತಿಕೊಂಡಿತು.

ಹಡಗಿನ ಪಕ್ಕೆಲುಬುಗಳನ್ನು ಅವರು ಕತ್ತರಿಸಿಟ್ಟಿದ್ದರು, ಮೂರು ಮಾತ್ರ ಬಾಕಿ. ಹೊಲಿಗೆ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟೆ. ಟ್ರೇಸಿಂಗ್ ಕಾಗದ ಮಡಿಸಿ, ಮಡಿಕೆಯನ್ನು ನಡುಗೆರೆಗೆ ಕೂರಿಸಿ ಗುಂಡುಪಿನ್ನು ಚುಚ್ಚಿದೆ.

"ಅಮ್ಮಾ, ಊಟ?" ಎಂದ ಮಗ.

"ಇವತ್ತು ಕೆಳಗೇ ಕೂರೋಣಪ್ಪ," ಎಂದೆ.