ಒಂದೇ ಹೆಬ್ಬಾಗಿಲು

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಕೊರೋನಾ ಜಾಡ್ಯಕ್ಕೆ ಅಂಜಿ ದೇಶವೆಲ್ಲ ಬಾಗಿಲಿಕ್ಕುವ ಮುನ್ನ, ಬೆಂಗಳೂರಿನ ಒಂದೇ ಸಂಸ್ಥೆಯಲ್ಲಿ ಉದ್ಯೋಗಿಗಳಾದ ಮಗನೂ ಸೊಸೆಯೂ ಮುಟ್ಟಳ್ಳಿಯ ನಮ್ಮ ಮನೆಗೆ ಬಂದು ನೆಲಸಿದರು. ಕಚೇರಿಯ ಕಾರ್ಯಕ್ಕೆ ವಿ.ಪಿ.ಎನ್. ಎಂಬ ಗುಪ್ತಮಾರ್ಗವು ಇಬ್ಬರಿಗೂ ಬೇಕು. ಮನೆಯಲ್ಲಿದ್ದುದೋ ಒಂದೇ ಹಳೆಯ ರೌಟರು. ಮಗನು ಸಂಪರ್ಕಕ್ಕೆ ತೊಡಗಿದೊಡನೆ ಸೊಸೆಯದು ಕಡಿದುಹೋಗುವುದು. “ನೀವು ಮುಗಿಸಿರಿ, ನಾನು ರಾತ್ರಿ ಮಾಡುವೆನು” ಎಂದು ಪ್ರತಿದಿನವೂ ಆಕೆಯೇ ಎದ್ದುಹೋಗುತ್ತಿದ್ದಳು. ಹತ್ತು ದಿನಗಳಲ್ಲಿ ಮೇಲಧಿಕಾರಿಯ ಆಕ್ಷೇಪಪತ್ರವೂ ಆಕೆಗೇ ಬಂದಿತು. ನನಗಿದು ಸಹನವಾಗಲಿಲ್ಲ.

ಕಾರಣವನ್ನು ಮಗನಿಂದ ಕೇಳಿ ತಿಳಿದೆನು. ಮನೆಯ ಯಂತ್ರಗಳಿಗೆಲ್ಲ ಹೊರಗೆ ಒಂದೇ ವಿಳಾಸ. ಮರಳಿ ಬಂದ ಓಲೆ ಯಾರದೆಂಬುದನ್ನು ರೌಟರು ಪೋರ್ಟ್ ಎಂಬ ಅಂಕೆಯಿಂದ ಅರಿಯುವುದು. ಇ.ಎಸ್.ಪಿ. ಎಂಬ ಗೂಢರೀತಿಯ ಓಲೆಗಾದರೋ ಆ ಅಂಕೆಯೇ ಇಲ್ಲ. ಒಂದೇ ಸಂಸ್ಥೆಯಿಂದ ಇಬ್ಬರಿಗೂ ಇಂತಹ ಓಲೆಗಳು ಬಂದರೆ ನಮ್ಮ ರೌಟರು ಎಲ್ಲವನ್ನೂ ಒಬ್ಬರಿಗೇ ಒಪ್ಪಿಸುವುದು! (ಹೆಸರಿಲ್ಲದ ಉತ್ತರಪತ್ರಿಕೆಗಳನ್ನು ಹಂಚುವ ಮಾಸ್ತರನ ಪಾಡು ನನಗೆ ಹೊಸತಲ್ಲ.) ಆ ಓಲೆಯನ್ನು ಯು.ಡಿ.ಪಿ. ಎಂಬ ಲಕೋಟೆಯೊಳಗಿಟ್ಟು 4500ನೆಯ ಪೋರ್ಟಿಗೆ ಕಳುಹುವ ಕ್ರಮವು 2005ರಲ್ಲಿಯೇ ಪ್ರಕಟವಾಗಿತ್ತಂತೆ. ಸಂಸ್ಥೆಯವರು ಅದಕ್ಕೆ ಅನುವು ಮಾಡಿರಲಿಲ್ಲ.

ಸೊಸೆಯೇ ಅವರಿಗೆ ವಿವರವಾಗಿ ಬರೆದಳು. ಮೂರನೆಯ ದಿನ ಇಬ್ಬರೂ ಜಗಲಿಯ ಎರಡು ತುದಿಗಳಲ್ಲಿ ಕುಳಿತು ಏಕಕಾಲಕ್ಕೆ ದುಡಿದರು. ಆಕ್ಷೇಪಪತ್ರವನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.