ಶಕವರ್ಷ 556

ಊರಿಂದ ಬಂದ ನೆಂಟರು ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ನಿಂತು, ಕೆಳಗೆ ಹರಿಯುವ ಜನಸಾಗರ ನೋಡಿ, ಒಂದು ಮಾತು ಹೇಳದೆ ಇರುವುದಿಲ್ಲ: "ಇದೆಲ್ಲ ಒಂದು ಕಾಲಕ್ಕೆ ನಮ್ಮ ಪುಲಕೇಶಿಯದು ಕಣಯ್ಯಾ."

ಮಾತು ಪೂರಾ ಸುಳ್ಳಲ್ಲ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಶಕ 556ರ, ಅಂದರೆ ಕ್ರಿ.ಶ. 634ರ ಶಾಸನವಿದೆ. ಬರೆದವನು ಬಸದಿ ಕಟ್ಟಿಸಿದ ಜೈನ ಕವಿ ರವಿಕೀರ್ತಿ. ಇಮ್ಮಡಿ ಪುಲಕೇಶಿಯ ಪಡೆ ಕೊಂಕಣದ ಮೌರ್ಯರನ್ನು ಸೋಲಿಸಿತು, ನೂರಾರು ಹಡಗುಗಳಲ್ಲಿ ಹೋಗಿ ಪಡುಗಡಲ ಪುರಿಯನ್ನು ಮುತ್ತಿತು ಎನ್ನುತ್ತಾನೆ. ಈ ಪುರಿ ಇಲ್ಲಿನ ಘಾರಾಪುರಿಯೇ ಎನ್ನುವವರಿದ್ದಾರೆ, ಜಂಜೀರದ ಹತ್ತಿರದ ರಾಜಪುರಿ ಎನ್ನುವವರೂ ಇದ್ದಾರೆ. ಸಾಲದ್ದಕ್ಕೆ ಮೂರು ಮಹಾರಾಷ್ಟ್ರಕಗಳ 99,000 ಹಳ್ಳಿಗಳಿಗೂ ಪುಲಕೇಶಿಯೇ ಒಡೆಯ.

ಆದರೆ ಲಿಪಿ ನಮ್ಮದಾದರೂ ಶಾಸನದ ಭಾಷೆ ಸಂಸ್ಕೃತ. ಇದನ್ನು ಹೇಳಿದರೆ ನೆಂಟರ ಮುಖ ಸಪ್ಪಗಾಗುತ್ತದೆ.

ನನಗೆ ಇಷ್ಟವಾಗುವುದು ಯುದ್ಧವಲ್ಲ, ಕೊನೆಯ ಜಂಬ. ತಾನು ಕಾಳಿದಾಸ, ಭಾರವಿಯರ ಸಮಾನ ಎಂದುಕೊಳ್ಳುತ್ತಾನೆ ರವಿಕೀರ್ತಿ. (ಸಂಕೋಚದ ಮನುಷ್ಯನಂತೂ ಅಲ್ಲ.) ಆ ಜಂಬದಿಂದಲೇ ಕಾಳಿದಾಸ 634ಕ್ಕಿಂತ ಹಿಂದಿನವನೆಂದು ಗಟ್ಟಿಯಾಗಿ ಹೇಳಬಹುದಾಯಿತು. ಅದೇ ವರ್ಷ ಅತ್ತ ಅರೇಬಿಯಾದಲ್ಲಿ ಅಬೂಬಕರ್ ತೀರಿಕೊಂಡು ಉಮರ್ ಖಲೀಫನಾದ.

ಎಂಟೇ ವರ್ಷ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಹಾಕಿಸಿದ.

ಮೂವತ್ತು ವರ್ಷದಿಂದ ಇಲ್ಲಿ ಬಾಡಿಗೆಗಿರುವ ನನಗೆ 'ನಮ್ಮದು' ಎನ್ನಲು ನಾಲಿಗೆ ಏಳುವುದಿಲ್ಲ. ಸೋತ ಮೌರ್ಯ ಅರಸನ ಹೆಸರನ್ನು ಕೂಡ ರವಿಕೀರ್ತಿ ಬರೆದಿಲ್ಲ. ಹಡಗುಗಳು ಬಂದ ದಿನ ಪುರಿಯ ಬೆಸ್ತರು ತಮ್ಮ ದೋಣಿಗಳನ್ನು ಎಲ್ಲಿ ಬಚ್ಚಿಟ್ಟರೋ.